ಬೆಳಿಗ್ಗೆ ಆಪರೇಷನ್, ಸಂಜೆ ಮನೆಗೆ: ಯಾರಿಗೆ ಸರಿ, ಯಾರಿಗೆ ಬೇಡ?

ಹರ್ನಿಯಾ, ಕಣ್ಣಿನ ಪೊರೆ, ಮೂಲವ್ಯಾಧಿ ಆಪರೇಷನ್‌ಗೆ ಹಿಂದೆಲ್ಲ ದಿನಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಿತ್ತು. ಈಗ ಇವನ್ನು ಹೆಚ್ಚಾಗಿ ಬೆಳಿಗ್ಗೆ ಮಾಡಿ ಸಂಜೆಯೇ ಮನೆಗೆ ಕಳಿಸುತ್ತಾರೆ. ಇದಕ್ಕೆ ಡೇ ಕೇರ್ ಸರ್ಜರಿ ಅಂತ ಹೆಸರು. ಆದರೆ ಎಲ್ಲರಿಗೂ ಇದು ಹೊಂದುವುದಿಲ್ಲ. ವೈದ್ಯರು ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ.

ಮೊದಲನೆಯದು ಆಪರೇಷನ್. ಹೆಚ್ಚು ರಕ್ತ ಹೋಗುವ ಭಯ ಇರಬಾರದು. ನೋವು ಮಾತ್ರೆಯಲ್ಲೇ ತಡೆಯುವಂತಿರಬೇಕು. ಕೆಲವು ಗಂಟೆಯಲ್ಲಿ ಎದ್ದು ನಡೆಯಲು, ನೀರು ಕುಡಿಯಲು ಆಗಬೇಕು.

ಎರಡನೆಯದು ಶರೀರ. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬೇಡ ಅನ್ನುವುದಿಲ್ಲ. ಬಿಪಿ, ಶುಗರ್ ಇದ್ದರೂ ಹತೋಟಿಯಲ್ಲಿದ್ದರೆ ಸಾಕು. ಬ್ರಿಟನ್ನಿನ ಮಾರ್ಗಸೂಚಿಗಳ ಪ್ರಕಾರ ಆಪರೇಷನ್‌ಗೆ ಮುಂಚಿನ ತಪಾಸಣೆಯಲ್ಲಿ ಬಿಪಿ 180/110ಕ್ಕಿಂತ ಕಡಿಮೆ, ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 8.5ಕ್ಕಿಂತ ಕಡಿಮೆ ಇರಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು, ಏದುಸಿರು ಜಾಸ್ತಿ ಆಗುತ್ತಿರುವವರು, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ಚಿಕಿತ್ಸೆ ಪಡೆಯದವರು ಇದಕ್ಕೆ ಆತುರಪಡಬಾರದು. ರಕ್ತ ತೆಳು ಮಾಡುವ ಮಾತ್ರೆ, ನಾಟಿ ಮದ್ದು, ಹಿಂದೆ ಅರಿವಳಿಕೆಯಲ್ಲಿ ಆದ ತೊಂದರೆ ಯಾವುದನ್ನೂ ಅರಿವಳಿಕೆ ವೈದ್ಯರಿಂದ ಮುಚ್ಚಿಡಬಾರದು. ಮಾತ್ರೆ ನಿಲ್ಲಿಸುವುದು, ಮುಂದುವರಿಸುವುದು ಅವರು ಹೇಳಿದ ಹಾಗೆ.

ಮೂರನೆಯದು ಮನೆ. ನಮ್ಮಲ್ಲಿ ಹೆಚ್ಚು ಮರೆತುಹೋಗುವುದು ಇದೇ. ಪೂರ್ಣ ಅರಿವಳಿಕೆ ಕೊಟ್ಟವರ ಜೊತೆ 24 ಗಂಟೆ ಜವಾಬ್ದಾರಿಯುತ ವಯಸ್ಕರೊಬ್ಬರು ಇರಲೇಬೇಕು. ಅಷ್ಟು ಹೊತ್ತು ರೋಗಿ ವಾಹನ ಓಡಿಸಬಾರದು, ಚೆಕ್ಕಿಗೋ ಕರಾರು ಪತ್ರಕ್ಕೋ ಸಹಿ ಹಾಕಬಾರದು.

ಮಕ್ಕಳೆಲ್ಲ ಗಲ್ಫ್‌ನಲ್ಲಿ, ಮನೆಯಲ್ಲಿ ವಯಸ್ಸಾದ ತಂದೆ-ತಾಯಿ ಇಬ್ಬರೇ. ಇಂಥ ಮನೆಗಳು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಎಷ್ಟೋ ಇವೆ. ರಾತ್ರಿ ಎರಡು ಗಂಟೆಗೆ ರಕ್ತ ಒಸರಿದರೆ, ಮೂತ್ರ ಕಟ್ಟಿದರೆ ಮಂಡಿನೋವಿನ ಉಮ್ಮ ಏನು ಮಾಡಿಯಾರು? ದುಬೈಯಿಂದ ವಿಡಿಯೊ ಕಾಲ್ ಮಾಡಿದರೆ ರೋಗಿಯನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಅಳಿಯನೋ, ತಮ್ಮನ ಮಗನೋ, ನೆರೆಮನೆಯವರೋ ಯಾರು ರಾತ್ರಿ ಇರುತ್ತಾರೆ ಅಂತ ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ತೀರ್ಮಾನಿಸಿ.

ದೂರವೂ ಲೆಕ್ಕಕ್ಕೆ ಬರುತ್ತದೆ. ಒಂದು ಗಂಟೆಯೊಳಗೆ ಆಸ್ಪತ್ರೆ ಸೇರುವಂತಿದ್ದರೆ ಒಳ್ಳೆಯದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಒಳನಾಡಿನವರಿಗೆ ಇನ್ನೂ ಜಾಸ್ತಿ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸುವವರು ರಾತ್ರಿ ಯಾರಿಗೆ ಫೋನ್ ಮಾಡಬೇಕು, ತುರ್ತಾದರೆ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬಹುದು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಗಾಡಿಯೂ ಸಿದ್ಧವಿರಲಿ.

24 ಗಂಟೆ ಅಡ್ಮಿಟ್ ಆಗದಿದ್ದರೆ ಇನ್ಶೂರೆನ್ಸ್ ಸಿಗಲ್ಲ ಎಂಬ ಮಾತಿದೆ. ಪಾಲಿಸಿಯಲ್ಲಿ ಡೇ ಕೇರ್ ಎಂದು ಒಪ್ಪಿದ ಚಿಕಿತ್ಸೆಗೆ ಆ ನಿಯಮ ಇಲ್ಲ. ಮೊದಲೇ ವಿಚಾರಿಸಿ.

ಮನೆಯಲ್ಲಿ ಜನ ಇಲ್ಲದಿದ್ದರೆ, ವೈದ್ಯರಲ್ಲಿ "ಒಂದು ರಾತ್ರಿ ಇಲ್ಲೇ ಇರುತ್ತೇವೆ" ಎನ್ನಲು ನಾಚಿಕೆ ಬೇಡ. ಒಂದು ದಿನದ ರೂಮ್ ಬಾಡಿಗೆ ಉಳಿಸಲು ಹೋಗಿ ಜೀವಕ್ಕೆ ಅಪಾಯ ತಂದುಕೊಳ್ಳುವುದು ಲಾಭದ ಲೆಕ್ಕವಲ್ಲ.