ನಿಮಗಿದು ಗೊತ್ತೇ? ಸರಾಸರಿ ಒಂದೇ ಸಾಲದು!

● ಕಾಶಿಯ ಹನುಮಾನ್ ಘಾಟ್ ದಕ್ಷಿಣ ಭಾರತೀಯರ ಹಳೆಯ ನೆಲೆ. ಅದಕ್ಕೂ ಹರಿಶ್ಚಂದ್ರ ಘಾಟಿಗೂ ನಡುವೆ ಇರುವುದು ಮೈಸೂರು ಸಂಸ್ಥಾನದ ಕರ್ನಾಟಕ ಘಾಟ್. ಯಾವ ಘಾಟಿನ ನೀರು ಹೆಚ್ಚು ಶುದ್ಧ? ಸರಾಸರಿಯೊಂದನ್ನೇ ನೋಡಿ ಉತ್ತರ ಹೇಳಲಾಗದು.

● ಹನುಮಾನ್ ಘಾಟಿನಿಂದ ತುಸು ಮೇಲಿರುವ ತುಳಸಿ ಘಾಟಿನಲ್ಲಿ ಗಂಗೆಯ ನೀರು ಪರೀಕ್ಷಿಸುವ ಪ್ರಯೋಗಾಲಯವಿದೆ. ಅದು ಪ್ರಾಧ್ಯಾಪಕ ವೀರಭದ್ರ ಮಿಶ್ರ 1982ರಲ್ಲಿ ಸ್ಥಾಪಿಸಿದ ಸಂಕಟ ಮೋಚನ ಫೌಂಡೇಶನ್ನಿನದು.

● ಸ್ನಾನದ ನೀರಿನ 100 ಮಿ.ಲೀ.ನಲ್ಲಿ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿದ್ದರೆ ಒಳ್ಳೆಯದು, 2,500 ದಾಟಕೂಡದು. ಚರಂಡಿ ಸೇರುವ ಕಡೆ ಈ ಎಣಿಕೆ ವಿಪರೀತ ಏರಿಳಿಯುತ್ತದೆ. ಅದಕ್ಕೇ ಹೋಲಿಸುವ ಮೊದಲು ಎಣಿಕೆಗಳ ಲಾಗರಿದಮ್ ತೆಗೆದುಕೊಳ್ಳುವುದುಂಟು.

● 90, 100, 110: ಸರಾಸರಿ 100. 10, 100, 190: ಇದರದ್ದೂ 100. ಆದರೆ ಏರಿಳಿತದ ಅಳತೆಯಾದ ವೇರಿಯೆನ್ಸ್ ಮೊದಲನೆಯದರಲ್ಲಿ 100, ಎರಡನೆಯದರಲ್ಲಿ 8,100!

● ಸರಾಸರಿಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಅಳೆಯುವ ಟಿ-ಟೆಸ್ಟಿನ ಮೂಲ, ಗಿನ್ನೆಸ್ ಬಿಯರ್ ಕಾರ್ಖಾನೆಯ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಹೆಸರಲ್ಲಿ ಬರೆದ ಲೇಖನ. ಎರಡು ಗುಂಪುಗಳನ್ನು ಹೋಲಿಸುವಾಗ ಈ ಪರೀಕ್ಷೆಯ ಹಳೆಯ ರೂಪ ಎರಡರ ವೇರಿಯೆನ್ಸೂ ಸಮ ಎಂದೇ ಭಾವಿಸುತ್ತದೆ.

● ಮಾದರಿಗಳು ಕಡಿಮೆಯಿರುವ ಗುಂಪಿನಲ್ಲೇ ಏರಿಳಿತ ಹೆಚ್ಚಿದ್ದರೆ ಆ ಪರೀಕ್ಷೆ ಇಲ್ಲದ ವ್ಯತ್ಯಾಸವನ್ನು ಪದೇ ಪದೇ 'ಇದೆ' ಎನ್ನುತ್ತದೆ. ಮಾದರಿಗಳು ಹೆಚ್ಚಿರುವ ಗುಂಪಿನಲ್ಲಿ ಏರಿಳಿತ ಹೆಚ್ಚಿದ್ದರೆ, ನಿಜವಾಗಿ ಇರುವ ವ್ಯತ್ಯಾಸವೇ ಅದರ ಕಣ್ಣು ತಪ್ಪಿಸಬಹುದು.

● ಈ ತೊಡಕಿಗೆ ಬೆಹ್ರೆನ್ಸ್–ಫಿಷರ್ ಸಮಸ್ಯೆ ಎಂದು ಹೆಸರು. ಬೆಹ್ರೆನ್ಸ್ 1929ರಲ್ಲಿ, ಫಿಷರ್ 1935ರಲ್ಲಿ ಇದನ್ನು ಕೈಗೆತ್ತಿಕೊಂಡರು. ಅವರ ಪರೀಕ್ಷೆಗೆ ಬೇಕಾದ ಕೋಷ್ಟಕಗಳನ್ನು ಲೆಕ್ಕಹಾಕಿ 1938ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಕಟಿಸಿದವರು ಭಾರತದ ಪಿ.ವಿ. ಸುಖಾತ್ಮೆ.

● ಇಂದು ಹೆಚ್ಚು ಬಳಕೆಯಲ್ಲಿರುವುದು ವೆಲ್ಚ್ ಅವರ ವಿಧಾನ (1947). ಇದು ಪ್ರತಿ ಗುಂಪಿನ ವೇರಿಯೆನ್ಸನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿಯುತ್ತದೆ. ಹತ್ತು ಹತ್ತು ಮಾದರಿಗಳ ಎರಡು ಗುಂಪುಗಳಿದ್ದರೆ ಹಳೆಯ ಪರೀಕ್ಷೆಯ 'ಡಿಗ್ರೀಸ್ ಆಫ್ ಫ್ರೀಡಂ' (ಏರಿಳಿತವನ್ನು ಅಂದಾಜಿಸಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) ಯಾವಾಗಲೂ 18. ವೆಲ್ಚ್ ಲೆಕ್ಕದಲ್ಲಿ ಅದು 9ರಿಂದ 18ರೊಳಗೆ ಎಲ್ಲಾದರೂ ನಿಲ್ಲಬಹುದು, ದಶಮಾಂಶದಲ್ಲೂ ಬರಬಹುದು.

● 'ಆರ್' ತಂತ್ರಾಂಶದಲ್ಲಿ ಟಿ-ಟೆಸ್ಟ್ ಕೇಳಿದರೆ ತಾನಾಗಿ ಸಿಗುವುದು ವೆಲ್ಚ್ ಪರೀಕ್ಷೆಯೇ. ಎಕ್ಸೆಲ್‌ನಲ್ಲಾದರೆ 3ನೆಯ ಬಗೆಯನ್ನು ಆರಿಸಬೇಕು.

● ಮೂರು–ನಾಲ್ಕು ಘಾಟ್‌ಗಳನ್ನು ಒಟ್ಟಿಗೆ ಹೋಲಿಸಬೇಕೇ? ಅದಕ್ಕೆ ವೆಲ್ಚ್ 1951ರಲ್ಲೇ ದಾರಿ ತೋರಿಸಿದ್ದಾರೆ. ಯಾವ ಜೋಡಿಯಲ್ಲಿ ವ್ಯತ್ಯಾಸವಿದೆ ಎಂದು ತಿಳಿಯಲು ಗೇಮ್ಸ್–ಹೋವೆಲ್ ವಿಧಾನವಿದೆ (1976).

ನದಿಯ ಮಾಲಿನ್ಯ ಸರಾಸರಿಯಲ್ಲಿ ಇಳಿದಿದೆ ಎಂಬ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿ: ಮಾದರಿ ಎಷ್ಟು? ಏರಿಳಿತ ಎಷ್ಟು? ಉತ್ತರ ಸಿಕ್ಕ ಮೇಲೆಯೇ ನಂಬಿ.