ರಬ್ಬರಿನ ಹಾಲು ಮತ್ತು ಕಣ್ಣಿಗೆ ಕಾಣದ ಜೀವಿಗಳು

ನಮ್ಮ ವಾಚನಾಲಯದ ಸದಸ್ಯರೊಬ್ಬರು ಸುಳ್ಯದ ಕಡೆಯವರು. ಊರಿನಿಂದ ಅವರ ಅಣ್ಣ ಬರೆದ ಕಾಗದವನ್ನು ಹೋದ ಭಾನುವಾರ ನಮಗೆ ಓದಿ ಹೇಳಿದರು. ಮಳೆಗಾಲದಲ್ಲಿ ಮಾಡಿದ ರಬ್ಬರ್ ಶೀಟುಗಳಿಗೆ ಬೂಷ್ಟು ಹಿಡಿದು, ವ್ಯಾಪಾರಿ ದರ ಇಳಿಸಿದನಂತೆ. “ಮರವೂ ಅದೇ, ಹಾಲೂ ಅದೇ, ದರ ಮಾತ್ರ ಏಕೆ ಬೇರೆ?” ಎಂದು ಅವರ ಪ್ರಶ್ನೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಉತ್ತರ ತಿಳಿದಿರಲಿಲ್ಲ. ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡುದನ್ನು ವಾಚಕ ಬಂಧುಗಳ ಮುಂದಿಡುತ್ತೇವೆ.

ರಬ್ಬರ್ ಮರದ ತವರು ಅಮೆಜಾನ್ ಕಾಡು. ಬೆಳಗಿನ ಜಾವ ತೊಗಟೆಯನ್ನು ಗೀರಿದರೆ ಬಿಳಿಯ ಹಾಲು ಗೆರಟೆಗೆ ಇಳಿಯುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 30ರಿಂದ 40 ಪಾಲು ರಬ್ಬರು. ಉಳಿದುದು ಬಹುಮಟ್ಟಿಗೆ ನೀರು, ಜೊತೆಗೆ ಸ್ವಲ್ಪ ಸಸಾರಜನಕ, ಸಕ್ಕರೆ, ಲವಣ. ಮರದೊಳಗಿರುವಾಗ ಹಾಲು ಶುದ್ಧವೇ. ಹೊರಗೆ ಬಂದೊಡನೆ ತೊಗಟೆ, ಕತ್ತಿ, ಗಾಳಿ, ತೊಳೆಯದ ಗೆರಟೆ ಇವುಗಳಿಂದ ಬ್ಯಾಕ್ಟೀರಿಯಗಳು ಬಂದು ಸೇರುತ್ತವೆ.

ಅವು ಮೊದಲು ಕೈಹಾಕುವುದು ರಬ್ಬರಿಗಲ್ಲ, ಸಕ್ಕರೆಗೆ ಮತ್ತು ಸಸಾರಜನಕಕ್ಕೆ. ಇವನ್ನು ತಿಂದು ಅಸೆಟಿಕ್, ಫಾರ್ಮಿಕ್ ಮುಂತಾದ ಆಮ್ಲಗಳನ್ನು ಬಿಡುತ್ತವೆ. ರಬ್ಬರಿನ ಕಣಗಳ ಮೇಲೊಂದು ತೆಳು ಪೊರೆಯಿದೆ. ಆ ಪೊರೆಯ ಋಣವಿದ್ಯುತ್ತು ಕಣಗಳನ್ನು ಬಿಡಿಬಿಡಿಯಾಗಿ ಇಟ್ಟಿರುತ್ತದೆ. ಆಮ್ಲ ಹೆಚ್ಚಿದಂತೆ ಆ ಬಲ ಕುಂದಿ, ಕಣಗಳು ಅಂಟಿಕೊಂಡು ಹಾಲು ಹೆಪ್ಪಾಗುತ್ತದೆ. ಮನೆಯಲ್ಲಿ ಕಾಯಿಸದೆ ಇಟ್ಟ ಹಾಲು ಹುಳಿತು ಒಡೆಯುವುದಿಲ್ಲವೇ, ಹಾಗೆಯೇ.

ಹೆಪ್ಪಾಗುವುದು ತಪ್ಪಲ್ಲ, ಶೀಟು ಮಾಡುವವರು ತಾವೇ ಆಮ್ಲ ಬೆರೆಸಿ ಹೆಪ್ಪು ಹಾಕುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹೆಪ್ಪಾಗುವುದೇ ಕೇಡು. ಗೆರಟೆಯಲ್ಲೇ ಗಡ್ಡೆಯಾದದ್ದು ಶೀಟಿಗೆ ಒದಗದು. ಹುಳಿತ ಹಾಲಿನ ಶೀಟಿನಲ್ಲಿ ಗುಳ್ಳೆ ಏಳುತ್ತದೆ. ಗಡ್ಡೆಯನ್ನು ದಿನಗಟ್ಟಲೆ ಬಿಟ್ಟರೆ ದುರ್ನಾತ ಬರುವುದಲ್ಲದೆ, ಗಾಳಿಯ ಆಮ್ಲಜನಕದಿಂದ ರಬ್ಬರನ್ನು ಕಾಯುವ ಸಹಜ ವಸ್ತುಗಳೂ ನಷ್ಟವಾಗುತ್ತವೆ. ಅಂಥ ರಬ್ಬರು ಬಿಸಿಗೆ ಬೇಗ ಸತ್ವಗೆಡುತ್ತದೆ.

ಆಸ್ಪತ್ರೆಯ ಕೈಗವಸುಗಳನ್ನು ಮಾಡುವುದು ಶೀಟಿನಿಂದಲ್ಲ, ಹಾಲಿನಿಂದ. ಅದನ್ನು ಯಂತ್ರದಲ್ಲಿ ತಿರುಗಿಸಿ, ನೂರಕ್ಕೆ 60 ಪಾಲು ರಬ್ಬರು ಇರುವಷ್ಟು ಗಟ್ಟಿ ಮಾಡುತ್ತಾರೆ. ಕೆಡದಂತೆ ಅಮೋನಿಯ ಬೆರೆಸುತ್ತಾರೆ. ಆದರೆ ಈ ಅಮೋನಿಯ ತೋಟದಲ್ಲೇ, ಬೇಗನೆ ಬೀಳಬೇಕು. ಆಮ್ಲ ಹುಟ್ಟಿದ ಮೇಲೆ ಸುರಿದರೆ ಹಾಲಿನ ಹಿಂದಿನ ಗುಣ ಮರಳುವುದಿಲ್ಲ.

ಇನ್ನು ಬೂಷ್ಟು. ಇದು ಬ್ಯಾಕ್ಟೀರಿಯವಲ್ಲ, ಶಿಲೀಂಧ್ರ. ಅದಕ್ಕೆ ಬೇಕಾದದ್ದು ತೇವ. ಹೊಗೆಮನೆಯಲ್ಲಿ ಶೀಟನ್ನು ಸುಮಾರು 40ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ದಿನಗಟ್ಟಲೆ ಒಣಗಿಸುವುದೇಕೆಂದರೆ, ಶಾಖ ತೇವವನ್ನು ತೆಗೆಯುತ್ತದೆ, ಹೊಗೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಶಿಲೀಂಧ್ರವನ್ನು ತಡೆಯುತ್ತವೆ. ಮಳೆಗಾಲದಲ್ಲಿ ಒಣಗುವುದು ತಡ; ಅರೆ ಒಣಗಿದ ಶೀಟುಗಳನ್ನು ಪೇರಿಸಿಟ್ಟರೆ ಬೂಷ್ಟಿಗೆ ಹಬ್ಬ. ಹೊಗೆಶೀಟನ್ನು ಕಣ್ಣಿನಿಂದ ನೋಡಿಯೇ 1ರಿಂದ 5ರವರೆಗೆ ದರ್ಜೆ ಕಟ್ಟುವುದರಿಂದ ಬೂಷ್ಟು, ಗುಳ್ಳೆ, ಕಸ ಮೂರೂ ದರವನ್ನು ತಿನ್ನುತ್ತವೆ.

ಕೊಟ್ಟಾಯದಲ್ಲಿ 1955ರಲ್ಲಿ ಸ್ಥಾಪನೆಯಾದ ರಬ್ಬರ್ ಸಂಶೋಧನಾ ಸಂಸ್ಥೆ ಇಂಥ ವಿಷಯಗಳನ್ನೇ ಅಭ್ಯಸಿಸುತ್ತದೆ. ಬೆಳೆಗಾರನ ಕೈಯಲ್ಲಿರುವ ಉಪಾಯಗಳಾದರೋ ಸರಳ: ಗೆರಟೆ, ಬಕೆಟ್ಟು ತೊಳೆದಿಡುವುದು; ಹಾಲನ್ನು ತಡಮಾಡದೆ ತಂದು ಸೋಸಿ ಅಂದೇ ಹೆಪ್ಪು ಹಾಕುವುದು; ಶೀಟನ್ನು ತೆಳ್ಳಗೆ ಒತ್ತಿ ತೊಳೆಯುವುದು; ಒಳಗಿನ ಬಿಳಿ ಮಚ್ಚೆ ಮಾಯವಾಗುವ ತನಕ ಹೊಗೆಮನೆಯಿಂದ ಇಳಿಸದಿರುವುದು.

ಇಷ್ಟನ್ನು ಕಾರ್ಡಿನಲ್ಲಿ ಬರೆದು ಸುಳ್ಯಕ್ಕೆ ಕಳಿಸಿದ್ದೇವೆ. ವರ್ಷವೆಲ್ಲ ದುಡಿದವನ ಗಳಿಕೆಯನ್ನು ಕಣ್ಣಿಗೆ ಕಾಣದ ಜೀವಿ ಕಸಿಯಬಾರದು. ಊರಿನಿಂದ ಇಂಥ ಪ್ರಶ್ನೆಗಳು ಬಂದರೆ ತಪ್ಪದೆ ವಾಚನಾಲಯಕ್ಕೆ ತನ್ನಿ, ಕೂಡಿ ಹುಡುಕೋಣ.