ತಡವಾಗಿ ಕಲಿತ ಮೂರು ಪಾಠಗಳು

ಕಳೆದ ವಾರ ತರುಣನೊಬ್ಬನು ನಮ್ಮ ಕಚೇರಿಗೆ ಬಂದಿದ್ದನು. ವಯಸ್ಸು ಇಪ್ಪತ್ತೆರಡಿರಬಹುದು, ಊರು ಕುಂದಾಪುರದ ಕಡೆ, ಹೋಟೆಲಿನಲ್ಲಿ ಮಾಣಿಯ ಕೆಲಸ. ಇದ್ದ ಕೆಲಸವನ್ನು ಬಿಟ್ಟಿದ್ದನು. “ಅಣ್ಣಾ, ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ತೆಗೆಯಬೇಕು, ಅರ್ಜಿ ತುಂಬಿಸಿ ಕೊಡಿ” ಎಂದನು. ಏತಕ್ಕೆಂದು ಕೇಳಿದೆವು. ಹೊಸ ಮೊಬೈಲಿಗೆಂದು ನಾಚುತ್ತ ನುಡಿದನು.

ಅವನನ್ನು ಗದರಿಸುವ ಅಧಿಕಾರ ನಮಗಿರಲಿಲ್ಲ. 1997ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದು, ಮಾಟುಂಗದ ಹೋಟೆಲೊಂದರಲ್ಲಿ ಮೇಜು ಒರೆಸಲು ನಿಂತ ನಾವೂ ಕೆಲವು ವರ್ಷಗಳ ತರುವಾಯ ಅದನ್ನೇ ಮಾಡಿದವರು. ಬಂದ ಹಣದಲ್ಲಿ ಕೈಗಡಿಯಾರ ಕೊಂಡೆವು. ಆ ಗಡಿಯಾರ ಎಂದೋ ನಿಂತುಹೋಯಿತು.

1952ರ ಕಾಯಿದೆಯಿಂದ ಬಂದ ಈ ನಿಧಿಗೆ ಸಾಮಾನ್ಯವಾಗಿ ಕೆಲಸಗಾರನ ಸಂಬಳದಿಂದ ನೂರಕ್ಕೆ 12ರಂತೆ ಹೋಗುತ್ತದೆ. ಧಣಿಯೂ ಅಷ್ಟೇ ಕೊಡಬೇಕು. ಅದರಲ್ಲೊಂದು ಪಾಲು ಪಿಂಚಣಿಗೆ ಸೇರುತ್ತದೆ. 10 ವರ್ಷಗಳ ಸೇವೆ ತುಂಬಿದವನಿಗೆ 58ನೆಯ ವಯಸ್ಸಿನಲ್ಲಿ ತಿಂಗಳ ಪಿಂಚಣಿಯುಂಟು. ನಡುವೆಯೇ ಪಿಂಚಣಿಯ ಪಾಲನ್ನೂ ತೆಗೆದುಕೊಂಡವನ ವರ್ಷಗಣನೆ ಮತ್ತೆ ಮೊದಲಿನಿಂದ. ಹೋಟೆಲು ಬದಲಾದರೆ ಹಣವನ್ನು ವರ್ಗಾಯಿಸಬಹುದು; 2014ರಿಂದ ಕೆಲಸಗಾರನಿಗೆ ಎಲ್ಲಿ ದುಡಿದರೂ ಒಂದೇ ಸಂಖ್ಯೆಯಿದೆ. ಇದು ಮೊದಲನೆಯ ಪಾಠ.

ಎರಡನೆಯದು, ಓದದೆ ರುಜು ಹಾಕಬಾರದೆಂಬುದು. ನಮ್ಮ ಮೊದಲ ಹೋಟೆಲಿನ ಜಾಗಕ್ಕಾಗಿ ಇಂಗ್ಲಿಷಿನ ಏಳು ಪುಟಗಳ ಕರಾರುಪತ್ರ ಬಂದಿತು. ನಾವು ಓದಿದ್ದು ಬಾಡಿಗೆಯ ಮೊಬಲಗನ್ನು ಮಾತ್ರ. 11 ತಿಂಗಳು ಕಳೆದ ಬಳಿಕ, ಐದನೆಯ ಪುಟದ ಷರತ್ತಿನಂತೆ, ಸಾಲ ಮಾಡಿ ಹಾಕಿಸಿದ ಒಲೆ, ಕಪಾಟು, ನೀರಿನ ಟಾಂಕಿಗಳೆಲ್ಲ ಜಾಗದವರ ಪಾಲಾದುವು. ತಪ್ಪು ಅವರದಲ್ಲ. ರಾತ್ರಿಶಾಲೆಗೆ ಕರೆದ ಗೆಳೆಯರೊಡನೆ ಹೋಗದೆ ಸಿನಿಮಾಕ್ಕೆ ಹೋದ ನಮ್ಮದು.

ಮೂರನೆಯದನ್ನು ಬರೆಯುವಾಗ ಲೇಖನಿ ತಡೆಯುತ್ತದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಊರು ಒಂದು ರಾತ್ರಿಯ ದಾರಿಯಾಯಿತು. ತಂದೆಯವರು ಹಾಸಿಗೆ ಹಿಡಿದಿದ್ದರು. ಹಣವು ತಿಂಗಳು ತಪ್ಪದೆ ಹೋಗುತ್ತಿತ್ತು; ನಾವು ಹೋಗಲಿಲ್ಲ. ಗಲ್ಲಾ ಬಿಟ್ಟು ಬರುವುದು ಹೇಗೆಂದು ಪ್ರತಿ ಬಾರಿಯೂ ನೆವ ಹೇಳಿದೆವು. ಕೊನೆಗೆ ಹೋದಾಗ ಅಂಗಳದಲ್ಲಿ ಊರವರು ನೆರೆದಿದ್ದರು. “ಬೆಳಗಿನ ರೈಲಿಗೆ ಬರುತ್ತೀ ಎಂದು ನಿತ್ಯವೂ ಬಾಗಿಲು ನೋಡುತ್ತಿದ್ದರು” ಎಂದಷ್ಟೇ ತಾಯಿಯವರು ಹೇಳಿದರು. ಮರುದಿನ ಅಂಗಡಿ ನಾವಿಲ್ಲದೆಯೂ ನಡೆದಿತ್ತು.

ಇಷ್ಟನ್ನೂ ಆ ತರುಣನಿಗೆ ಹೇಳಿದೆವು. ಅವನು ಅರ್ಜಿಯನ್ನು ಮಡಿಸಿ ಜೇಬಿನಲ್ಲಿರಿಸಿಕೊಂಡನು. “ಅಪ್ಪನಿಗೆ ಫೋನು ಮಾಡಿ ಎರಡು ವಾರವಾಯಿತು” ಎಂದು ಮೆಲ್ಲನೆ ನುಡಿದು ಮೆಟ್ಟಿಲಿಳಿದನು. ಅರ್ಜಿಯನ್ನು ಹರಿದನೋ, ಬೇರೆಯವರಿಂದ ತುಂಬಿಸಿದನೋ ನಾವರಿಯೆವು.

ಬಾಂಧವರೇ, ಅನುಭವವು ಒಳ್ಳೆಯ ಗುರು, ಆದರೆ ಅವನ ಫೀಸು ಬಲು ದುಬಾರಿ. ನಾವು ತೆತ್ತ ಫೀಸಿನಲ್ಲಿ ನಮ್ಮ ತಮ್ಮಂದಿರು ಕಲಿತುಕೊಂಡರೆ, ಅದು ಪೂರಾ ವ್ಯರ್ಥವಾಗಲಿಲ್ಲವೆಂದು ತಿಳಿಯುವೆವು.